ಯಾವುದು ಅಕ್ಕನ ಸಿಟ್ಟು

ಭವಾನಿಪುರಂ, ವಿಜಯವಾಡ
8 ಜೂನ್ 2025

ಚಿ. ವಿನಾಯಕನಿಗೆ ಅಕ್ಕನ ಆಶೀರ್ವಾದ.

ನಿನ್ನ ಹಡಗು ವಿಶಾಖಪಟ್ಟಣಕ್ಕೆ ವಾಪಸಾದ ಸುದ್ದಿ ಶ್ರಾವಣಿಯಿಂದ ತಿಳಿಯಿತು. ಗಂಡ ಬಂದ ಸಂಭ್ರಮದಲ್ಲೂ ನಿನ್ನ ಹೆಂಡತಿಗೆ ನನ್ನ ನೆನಪಿತ್ತು, ನಿನಗಿರಲಿಲ್ಲ. ಇರಲಿ ಬಿಡು. ಫೋನಿನಲ್ಲಾದರೆ ನಾವಿಬ್ಬರೂ ‘ಊಟ ಆಯ್ತಾ, ಆಯ್ತು’ ಎಂದು ಇಟ್ಟುಬಿಡುವವರು. ನೀನು ಚಿಲ್ಕಾದಲ್ಲಿ ನೇವಿ ಟ್ರೈನಿಂಗಿಗೆ ಸೇರಿದಾಗಿನಿಂದ ನಮ್ಮ ಜಗಳವೆಲ್ಲ ಕಾಗದದಲ್ಲೇ ನಡೆದದ್ದು, ಈಗೇಕೆ ಬದಲಾಯಿಸುವುದು?

ಇಲ್ಲಿ ಬಿಸಿಲು ಹೇಳತೀರದು. ಕೃಷ್ಣಾ ನದಿಯ ಕಡೆಯಿಂದ ಬರುವ ಗಾಳಿಯೂ ಸುಡುತ್ತದೆ. ಬ್ಯಾಂಕಿನಲ್ಲಿ ಫಣೀಂದ್ರನ ಜೊತೆ ನನ್ನ ದಿನನಿತ್ಯದ ಗುದ್ದಾಟ. ಸ್ಟ್ರಾಂಗ್ ರೂಮಿನ ಒಂದು ಬೀಗದ ಕೈ ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ನಿಂತು ತಿರುಗಿಸಿದರೇ ಬಾಗಿಲು ತೆರೆಯುವುದು. ಮೊನ್ನೆ ಹಲ್ಲುನೋವೆಂದು ಹೊರಟವನು, ‘ಮೇಡಂಗಾರೂ, ಒಂದು ಗಂಟೆ ನನ್ನದನ್ನೂ ಇಟ್ಟುಕೊಳ್ಳಿ’ ಎಂದ. ಇಡೀ ಬ್ರಾಂಚಿಗೆ ಕೇಳುವಂತೆ ಬೈದೆ. ಎರಡೂ ಒಬ್ಬರ ಕೈಗೆ ಸೇರುವುದಾದರೆ ಎರಡು ಯಾಕಪ್ಪಾ ಬೇಕು? ಪಾಪ, ಊದಿದ ಕೆನ್ನೆ ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದ.

ನನ್ನ ಆರೋಗ್ಯ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎದೆಯ ಕ್ಯಾನ್ಸರ್ ಕತ್ತರಿಸಿ ಎಸೆದು ಮೂರು ವರ್ಷವಾಯಿತು. ಮಾತ್ರೆ ನುಂಗುತ್ತಿದ್ದೇನೆ, ಗುಂಡುಕಲ್ಲಿನ ಹಾಗಿದ್ದೇನೆ. ಬೆಳಗ್ಗೆ ಎದ್ದಾಗ ಸ್ವಲ್ಪ ತಲೆನೋವು, ಕನ್ನಡಕದ ನಂಬರ್ ಬದಲಾಗಿರಬೇಕು.

ನಿನ್ನ ಹದಿನೈದು ವರ್ಷದ ಸರ್ವಿಸ್ ಈ ವರ್ಷ ಮುಗಿಯುತ್ತದೆ, ಮುಂದುವರಿಯಲು ಸಹಿ ಹಾಕಬೇಕು ಎಂದಿದ್ದೆಯಲ್ಲ, ಹಾಕು. ಅಕ್ಕನಿಗೆ ಹುಷಾರಿಲ್ಲ ಎಂಬ ನೆಪ ಹೂಡಿ ನೇವಿ ಬಿಟ್ಟು ಬಂದೆಯೋ, ನಾನು ಬಾಗಿಲು ತೆರೆಯುವವಳಲ್ಲ. ಅನಕಾಪಲ್ಲಿ ಬೆಲ್ಲ ಮುಗಿದಿದೆ, ಯಾರಾದರೂ ಈ ಕಡೆ ಬಂದರೆ ಕಳಿಸು. ನೀನು ಬರಬೇಡ. ಇರುವ ರಜೆಯನ್ನು ಮಗಳ ಜೊತೆ ಕಳೆ.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಹಡಗಿನಿಂದ ಇಳಿದಾಗಲೆಲ್ಲ ಕಡ್ಡಿಯಾಗಿರುತ್ತೀಯ.

ನಿನ್ನ ಅಕ್ಕ
ರಾಜ್ಯಶ್ರೀ


ಮಲ್ಕಾಪುರಂ, ವಿಶಾಖಪಟ್ಟಣ
16 ಜೂನ್ 2025

ಅಕ್ಕನಿಗೆ ವಿನಾಯಕನ ನಮಸ್ಕಾರಗಳು.

ಬೆಲ್ಲ ಕಳಿಸಿದ್ದೇನೆ. ನಮ್ಮ ಹಡಗಿನವನೊಬ್ಬನ ಮಾವನ ಮನೆ ವಿಜಯವಾಡ, ಅವನು ತಂದುಕೊಡುತ್ತಾನೆ. ಅವನಿಗೆ ಕಾಫಿ ಕೊಡು, ಉಪದೇಶ ಬೇಡ.

ಸುತ್ತು ಬಳಸದೆ ಹೇಳುತ್ತೇನೆ, ನಾನು ಸಹಿ ಹಾಕುವುದಿಲ್ಲ. ಅಚ್ಯುತಾಪುರಂನ ಒಂದು ಫ್ಯಾಕ್ಟರಿಯಲ್ಲಿ ವಿಚಾರಿಸಿದ್ದೇನೆ. ಹಡಗಿನ ಇಂಜಿನ್ ನೋಡಿಕೊಂಡವರನ್ನು ಅವರು ಕರೆದು ಕೆಲಸ ಕೊಡುತ್ತಾರೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದು, ದಡಕ್ಕೆ ಬಂದಾಗ ನಿನ್ನ ಸುದ್ದಿ ಏನಿರುತ್ತದೋ ಎಂದು ಹೆದರುವುದು ಸಾಕಾಗಿದೆ. ನೀನು ಅಲ್ಲಿ ಒಬ್ಬಳೇ ಇರುವುದೂ ಬೇಡ. ನಮ್ಮ ಮನೆಗೆ ಬಾ. ಗಗನಾ ದಿನಾ ‘ಅತ್ತೆ ಎಪ್ಪುಡು ಬರ್ತಾರು ನಾನ್ನಾ?’ ಎಂದು ನೀನು ಬರುವ ದಿನವನ್ನೇ ಕೇಳುತ್ತಾಳೆ. ಅರ್ಧ ತೆಲುಗು, ಅರ್ಧ ಕನ್ನಡ. ಅದನ್ನು ತಿದ್ದುವುದಕ್ಕಾದರೂ ನೀನು ಬೇಕು.

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ನಿನಗೆ ಬ್ಯಾಂಕಿನ ಕೆಲಸ ಸಿಕ್ಕಿದ ಹೊಸತು. ಅರಸೀಕೆರೆಯ ಬಾಡಿಗೆ ಮನೆಯಲ್ಲಿ ನನ್ನ ಜಡ್ಡು ಜಾಪತ್ರೆಯೆಲ್ಲ ನೋಡಿಕೊಂಡು ಸಾಕಿದವಳು ನೀನು. ಈಗ ನನ್ನ ಸರದಿ.

ತಲೆನೋವೆಂದರೆ ಕನ್ನಡಕದ ಅಂಗಡಿಗೆ ಹೋಗಬೇಡ, ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗು. ಮೇ ತಿಂಗಳ ಚೆಕಪ್ ಮಾಡಿಸಿದೆಯೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ಮಾತು ಹಾರಿಸುತ್ತೀಯ, ಕಾಗದದಲ್ಲಿ ಉತ್ತರ ಕೊಡು.

ನಿನ್ನ
ವಿನಾಯಕ


ಭವಾನಿಪುರಂ
3 ಜುಲೈ 2025

ವಿನಾಯಕ,

ನಾನು ಎಲ್ಲಿರಬೇಕೆಂದು ತೀರ್ಮಾನಿಸುವುದಕ್ಕೆ ನೀನು ಯಾರು? ನಿನ್ನ ಮನೆಯ ಮೂಲೆಯಲ್ಲಿ ಕೂರಿಸಿ ಮಗಳಿಗೆ ಆಯಾ ಮಾಡಿಕೊಳ್ಳುವ ಯೋಚನೆಯೋ? ಇದು ನಿನ್ನ ತಲೆಯಿಂದ ಬಂದದ್ದಲ್ಲ, ನಿನ್ನ ಹೆಂಡತಿಯ ಬುದ್ಧಿ.

ನಿನ್ನನ್ನು ಸಾಕುವುದರಲ್ಲೇ ನನ್ನ ಮದುವೆಯ ವಯಸ್ಸು ಮುಗಿಯಿತು. ಗಂಡ ಇಲ್ಲ, ಮಕ್ಕಳಿಲ್ಲ, ಎಲ್ಲ ನಿನ್ನಿಂದ. ಅಮ್ಮ ಹೋಗುವಾಗ ನಿನ್ನನ್ನೂ ಕರೆದುಕೊಂಡು ಹೋಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಬೆಲ್ಲವನ್ನು ಕಸದ ಗಾಡಿಗೆ ಹಾಕಿದೆ. ಬರೆಯಬೇಡ. ಫೋನ್ ಮಾಡಬೇಡ. ಬರಬೇಡ.

ರಾಜ್ಯಶ್ರೀ


ವಿಶಾಖಪಟ್ಟಣ
12 ಜುಲೈ 2025

ಅಕ್ಕನಿಗೆ,

ಕಾಗದ ತಲುಪಿತು. ನಿನ್ನ ಬಾಯಿ ನನಗೆ ಹೊಸದಲ್ಲ, ಬೈಸಿಕೊಂಡೇ ಬೆಳೆದವನು. ಕತ್ತೆ, ಕೋಣ, ದಂಡಪಿಂಡ ಎಲ್ಲ ಆಗಿದ್ದೇನೆ. ಆದರೆ ಅಮ್ಮನ ಮಾತು ಎತ್ತಿದೆಯಲ್ಲ, ಅದು ಗಳಿಗೆಯ ಸಿಟ್ಟಿನಲ್ಲಿ ಬಂದದ್ದಲ್ಲ ಅನ್ನಿಸಿತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಈಗ ಹೇಳಿದೆ. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ನೀನು ಹೇಳಿದ ಹಾಗೆಯೇ ಮಾಡಿದ್ದೇನೆ. ಸಹಿ ಹಾಕಿದೆ. ಹಡಗು ನಾಡಿದ್ದು ಹೊರಡುತ್ತದೆ. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಬರೆಯುವಂತಿಲ್ಲ, ನಿನಗೆ ಬೇಕಾಗಿಯೂ ಇಲ್ಲ. ಶ್ರಾವಣಿ ನಿನಗೆ ಫೋನ್ ಮಾಡುತ್ತೇನೆಂದು ಹಟ ಹಿಡಿದಳು. ನಾನೇ ಬೇಡವೆಂದೆ. ಅವಳನ್ನು ಅಂದದ್ದು ನಿನಗೆ ಒಪ್ಪುವಂಥದ್ದಲ್ಲ.

ಆರೋಗ್ಯ ನೋಡಿಕೋ.

ವಿನಾಯಕ


ಭವಾನಿಪುರಂ
14 ಆಗಸ್ಟ್ 2025

ಚಿ. ವಿನಾಯಕನಿಗೆ ಅಕ್ಕನ ಆಶೀರ್ವಾದ.

ನೀನು ಸಮುದ್ರದ ಮೇಲಿದ್ದೀಯ, ಇದು ನಿನ್ನ ಮನೆಯಲ್ಲಿ ಕಾದಿರುತ್ತದೆ. ‘ವಿನಾಯಕನೇ ಒಡೆಯಬೇಕು’ ಎಂದು ಮೇಲೆ ಬರೆದಿದ್ದೇನೆ, ಶ್ರಾವಣಿ ತಪ್ಪು ತಿಳಿಯದಿರಲಿ.

ನಿನ್ನ ಜುಲೈ ಕಾಗದವನ್ನು ಇವತ್ತು ಓದಿದೆ. ಒಡೆದೇ ಇತ್ತು, ಅಂದರೆ ಮೊದಲೇ ಓದಿದ್ದೇನೆ. ನೆನಪಿಲ್ಲ. ‘ನೀನು ಹೇಳಿದ ಹಾಗೆಯೇ’ ಎಂದಿದ್ದೀಯ, ನಾನೇನು ಹೇಳಿದೆ? ‘ಅಮ್ಮನ ಮಾತು’ ಎಂದರೆ ಯಾವುದು? ಶ್ರಾವಣಿಯನ್ನು ಏನಂದೆ? ಬೆಲ್ಲ ಕೇಳಿ ಬರೆದದ್ದು ಚೆನ್ನಾಗಿ ನೆನಪಿದೆ. ಬೆಲ್ಲ ಬಂದದ್ದು ನೆನಪಿಲ್ಲ, ಡಬ್ಬಿಯೂ ಖಾಲಿ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಹೀಗೆ ಬಿಗಿದುಕೊಂಡು ಬರೆಯುವವನಲ್ಲ.

ಇಲ್ಲಿ ಸಣ್ಣದೊಂದು ಎಡವಟ್ಟಾಯಿತು. ಬ್ಯಾಂಕಿನಲ್ಲಿ ತಲೆಸುತ್ತಿ ಬಿದ್ದೆ. ಬಿ.ಪಿ. ಇರಬೇಕು, ಬಿಸಿಲು ಬೇರೆ. ರಜೆ ಹಾಕಿ ಮನೆಯಲ್ಲಿದ್ದೇನೆ. ಮನೆಯ ಓನರ್ ಲಕ್ಷ್ಮೀಕಾಂತಮ್ಮ ಊಟ ತಂದಿಟ್ಟು, ‘ತಿನು ತಲ್ಲೀ, ಗಿನ್ನೆ ಖಾಲಿ ಚೆಯ್’ ಎಂದು ಎದುರಿಗೇ ಕೂರುತ್ತಾರೆ. ಬಟ್ಟಲು ಖಾಲಿಯಾಗದೆ ಏಳುವವರಲ್ಲ. ನನಗೇ ಗದರುವವರು ಸಿಕ್ಕಿದ್ದಾರೆ ನೋಡು.

ನಾನು ನಿನಗೆ ಬರೆದ ಆ ಕಾಗದ ಹರಿದುಹಾಕಿರದಿದ್ದರೆ ಕಳಿಸಿಕೊಡು. ಸಹಿ ಹಾಕಿದ್ದು ಒಳ್ಳೆಯದೇ ಆಯಿತು. ನೀನು ಬರುವಂಥದ್ದೇನೂ ಇಲ್ಲ, ಬರಬೇಡ. ಹಡಗಿನಲ್ಲಿ ಅನ್ನ ಸಾರು ಸಿಗುತ್ತದೋ, ಬರೀ ಚಪಾತಿಯೋ?

ನಿನ್ನ ಅಕ್ಕ


ವಿಶಾಖಪಟ್ಟಣ
9 ಸೆಪ್ಟೆಂಬರ್ 2025

ಅಕ್ಕನಿಗೆ ನಮಸ್ಕಾರಗಳು.

ನಿನ್ನೆ ದಡ ಹತ್ತಿದೆ. ಬೂಟು ಬಿಚ್ಚುವ ಮೊದಲು ನಿನ್ನ ಕಾಗದ ಓದಿದೆ.

ನಿನ್ನ ಜುಲೈ ಕಾಗದದಲ್ಲಿ ವಿಶೇಷವೇನೂ ಇರಲಿಲ್ಲ, ಎಂದಿನಂತೆ ಬೈದಿದ್ದೆ ಅಷ್ಟೆ. ಹಡಗಿನಲ್ಲಿ ಎಲ್ಲೋ ಕಳೆದುಹೋಯಿತು. ನನಗೆ ಬೇಜಾರಿಲ್ಲ, ಶ್ರಾವಣಿಗೂ ಇಲ್ಲ. ಅದನ್ನು ಬಿಡು.

ನನಗೆ ಬೇಕಾದ ವಿಷಯ ಬೇರೆ. ಜ್ವರದಲ್ಲೂ ಸೆರಗು ಸಿಕ್ಕಿಸಿಕೊಂಡು ಬ್ಯಾಂಕಿಗೆ ಓಡಿದವಳು ನೀನು. ಬಿ.ಪಿ.ಗೆ ಇಷ್ಟು ದಿನ ರಜೆ ಹಾಕಿದೆ ಎಂದರೆ ನಂಬುವುದಕ್ಕೆ ನಾನೇನು ಗಗನಾಳೇ? ಬೆಳಗ್ಗೆ ಫೋನ್ ಮಾಡಿದರೆ ‘ಚೆನ್ನಾಗಿದ್ದೀನಿ, ಇಡು’ ಎಂದೆ. ಹಡಗು ರಿಪೇರಿಗೆ ಹೋಗುತ್ತಿದೆ, ಈ ವಾರ ನನ್ನನ್ನು ಬಿಡುವುದಿಲ್ಲ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಏನಾಗಿದೆ, ಇದ್ದದ್ದು ಇದ್ದ ಹಾಗೆ ಬರೆ. ಬರೆಯದಿದ್ದರೆ ಫಣೀಂದ್ರಗಾರನ್ನೇ ಕೇಳುತ್ತೇನೆ.

ವಿನಾಯಕ


ಭವಾನಿಪುರಂ
13 ಸೆಪ್ಟೆಂಬರ್ 2025

ಚಿ. ವಿನಾಯಕ,

ಕೂತುಕೊಂಡು ಓದು.

ಕ್ಯಾನ್ಸರ್ ಮಿದುಳಿಗೆ ಹೋಗಿದೆ. ಮೂರು ಗಂಟು, ಮೂರೂ ಹಣೆಯ ಹಿಂದೆ. ಸುತ್ತ ಊತ ಬಂದಿತ್ತು. ಮೇ ತಿಂಗಳ ಚೆಕಪ್ಪಿಗೆ ನಾನು ಹೋಗಿರಲಿಲ್ಲ, ಆಡಿಟ್ ಇತ್ತು.

ಗೊತ್ತಾದದ್ದು ಹೇಗೆಂದು ಕೇಳು. ಆಗಸ್ಟ್ ಮೊದಲ ವಾರ ಒಂದು ಬೆಳಗ್ಗೆ ಸ್ಟ್ರಾಂಗ್ ರೂಮಿನ ಎದುರು ನಿಂತು, ನನ್ನ ಬೀಗದ ಕೈಯನ್ನು ಫಣೀಂದ್ರನ ಕಡೆ ಚಾಚಿ, ‘ತಗೊಳ್ಳಿ, ಎರಡನ್ನೂ ನೀವೇ ತಿರುಗಿಸಿ’ ಎಂದೆನಂತೆ. ಅವನು ಮುಟ್ಟಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮ್ಯಾನೇಜರನ್ನು ಕರೆದ. ಅಷ್ಟರಲ್ಲಿ ನನಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಅವನು ಡಾಕ್ಟರಿಗೆ ಹೇಳಿದ್ದು ಇಷ್ಟೇ: ‘ಮೇಡಂಗಾರು ತಿಡತಾರು ಸಾರ್. ಕಾನೀ ತಾಳಂ ಎವ್ವರಿಕೀ ಇವ್ವರು.’ ಬೈಯುತ್ತಾರೆ, ಆದರೆ ಬೀಗದ ಕೈ ಯಾರಿಗೂ ಕೊಡುವವರಲ್ಲ. ಅದಕ್ಕೆ ಮೊದಲು ಎರಡು ತಿಂಗಳು ಅವನ ಮೇಲೆ ಹರಿಹಾಯ್ದಿದ್ದೇನೆ, ಒಂದು ಸಲ ಫೈಲ್ ಎಸೆದಿದ್ದೇನೆ. ಅದನ್ನೆಲ್ಲ ಅವನು ನನ್ನ ಸ್ವಭಾವವೆಂದು ತಿಳಿದು ಸುಮ್ಮನಿದ್ದ!

ಡಾಕ್ಟರು, ‘ಇವರ ನಡವಳಿಕೆ ಯಾವಾಗಿನಿಂದ ಬದಲಾಯಿತು? ವಿಪರೀತ ಸಿಟ್ಟು, ಬಾಯಿಗೆ ಬಂದಂತೆ ಮಾತು?’ ಎಂದು ಬ್ರಾಂಚಿನವರನ್ನೆಲ್ಲ ಕೇಳಿದರಂತೆ. ಎಲ್ಲರದೂ ಒಂದೇ ಉತ್ತರ, ‘ಮೇಡಂಗಾರು ಮೊದಲಿನಿಂದಲೂ ಹಾಗೇ ಸಾರ್.’ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ.

ಅದಕ್ಕೇ ನಿನ್ನ ಹತ್ತಿರದ ಕಾಗದ ಬೇಕು. ಕಳೆದುಹೋಯಿತೆಂದು ನನ್ನ ಕಿವಿಗೆ ಹೂವಿಡಬೇಡ. ನಾನು ಚಿಲ್ಕಾಕ್ಕೆ ಬರೆದ ಕಾಗದಗಳನ್ನೂ ಟ್ರಂಕಿನಲ್ಲಿಟ್ಟುಕೊಂಡಿರುವವನು ನೀನು. ಊತ ಇಳಿಯುವ ಮಾತ್ರೆ ಕೊಡುತ್ತಿದ್ದಾರೆ, ತಲೆ ತಿಳಿಯಾಗಿದೆ. ಆ ಎರಡು ತಿಂಗಳಲ್ಲಿ ನಾನು ಏನು ಮಾಡಿದೆ, ಯಾರ ಮನಸ್ಸು ಮುರಿದೆ, ನನಗೆ ಗೊತ್ತಾಗಲೇಬೇಕು.

ಮುಂದಿನದು. ಇಡೀ ತಲೆಗೆ ರೇಡಿಯೇಷನ್ ಕೊಡಬಹುದು, ಆದರೆ ನೆನಪು ಮಂಕಾಗುವ ಭಯವಿದೆ. ಇಲ್ಲವೇ ಆ ಮೂರಕ್ಕೆ ಮಾತ್ರ ಗುರಿಯಿಟ್ಟು ಕೊಟ್ಟು, ಎರಡೆರಡು ತಿಂಗಳಿಗೆ ಸ್ಕ್ಯಾನ್ ಮಾಡುತ್ತ ಕಾಯಬಹುದು. ಹೊಸದು ಹುಟ್ಟಿದರೆ ಮತ್ತೆ ಹೊಡೆಯುವುದು. ನಾನು ಎರಡನೆಯದನ್ನು ಆರಿಸಿಕೊಂಡೆ, ಇನ್ನೂ ಶುರುವಾಗಿಲ್ಲ. ಕಾಯಿಲೆ ಹೋಗುತ್ತದೆಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇರುವಷ್ಟು ದಿನ ನಾನು ನಾನಾಗಿರಬೇಕು, ಅಷ್ಟೇ ನನ್ನ ಹಟ.

‘ನಿಮ್ಮನ್ನು ಚೆನ್ನಾಗಿ ಬಲ್ಲವರು ಜೊತೆಯಲ್ಲಿರಬೇಕು. ಬದಲಾವಣೆ ನಿಮಗೆ ತಿಳಿಯುವುದಿಲ್ಲ, ಅವರಿಗೆ ತಿಳಿಯುತ್ತದೆ’ ಎಂದರು. ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಆದ್ದರಿಂದ ನೀನು ಬರಬೇಡ. ಈಗತಾನೆ ಸಹಿ ಹಾಕಿದ್ದೀಯ, ಕೆಲಸ ನೋಡು.

ಊಟ ಬಿಟ್ಟು ಕೂರಬೇಡ, ನೀನು ಹಾಗೇ ಮಾಡುವವನು.

ಅಕ್ಕ


ವಿಶಾಖಪಟ್ಟಣ
16 ಸೆಪ್ಟೆಂಬರ್ 2025

ಅಕ್ಕಾ,

ಕಾಗದ ಇದರ ಜೊತೆಗಿದೆ. ಕಳಿಸಬಾರದೆಂದೇ ಇದ್ದೆ. ಓದುವಾಗ ಲಕ್ಷ್ಮೀಕಾಂತಮ್ಮನವರು ಪಕ್ಕದಲ್ಲಿರಲಿ.

ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ. ನಿನ್ನ ಜೊತೆ ಕೆಲಸ ಮಾಡುವವನು ಗುರುತು ಹಿಡಿದ, ನಿನ್ನ ಕೈತುತ್ತು ತಿಂದ ನಾನು ಮುಖ ಊದಿಸಿಕೊಂಡು ಹಡಗು ಹತ್ತಿದೆ. ಅಮ್ಮನ ಮಾತು ಓದಿದ ತಕ್ಷಣವೇ ‘ಇದು ನನ್ನಕ್ಕ ಅಲ್ಲ, ಏನೋ ಆಗಿದೆ’ ಎಂದು ರೈಲು ಹತ್ತಬೇಕಿತ್ತು. ಎರಡು ತಿಂಗಳು ಕಳೆದುಹೋಯಿತಲ್ಲಕ್ಕಾ.

ಇನ್ನು ‘ಬರಬೇಡ’ ಎಂಬ ಮಾತು ಸಾಕು. ತಿಜೋರಿಯ ಎರಡು ಬೀಗದ ಕೈ ಒಬ್ಬರ ಹತ್ತಿರ ಇರಬಾರದು ಎಂದು ಊದಿದ ಕೆನ್ನೆಯವನನ್ನು ಕೂರಿಸಿದವಳು ನೀನು. ನಿನ್ನ ವಿಷಯ ಬಂದರೆ ಮಾತ್ರ ಎರಡೂ ನಿನ್ನ ಸೊಂಟದಲ್ಲೇ ಇರಬೇಕೇ? ಒಂದನ್ನು ಇತ್ತ ಕೊಡು.

ಬರುವ ವಾರದಿಂದ ರಜೆ ಸಿಕ್ಕಿದೆ. ಇಲ್ಲಿಯೂ ಆ ಚಿಕಿತ್ಸೆ ಇದೆ, ವಿಚಾರಿಸಿ ಬಂದೆ. ಶ್ರಾವಣಿ ನಿನ್ನ ಕಾಗದ ಓದಿ ಅತ್ತಳು. ಜುಲೈ ಕಾಗದಕ್ಕಲ್ಲ, ನೀನು ಅಲ್ಲಿ ಒಬ್ಬಳೇ ಬಿದ್ದದ್ದಕ್ಕೆ. ಈಗ ಕಿಟಕಿಯ ಕಡೆಯ ಮಂಚವನ್ನು ಖಾಲಿ ಮಾಡುತ್ತಿದ್ದಾಳೆ. ನೀನು ಒಪ್ಪಿದರೂ ಸರಿ, ಬೈದರೂ ಸರಿ.

ವಿನಾಯಕ


ಭವಾನಿಪುರಂ
20 ಸೆಪ್ಟೆಂಬರ್ 2025

ಚಿ. ವಿನಾಯಕನಿಗೆ ಅಕ್ಕನ ಆಶೀರ್ವಾದ.

ಓದಿದೆ. ಅಕ್ಷರ ನನ್ನದು, ಸಹಿ ನನ್ನದು. ಲಕ್ಷ್ಮೀಕಾಂತಮ್ಮ ಪಕ್ಕದಲ್ಲಿರಬೇಕೆಂದು ನೀನು ಹೇಳಿದ್ದು ಸರಿಯಾಯಿತು. ಅವರಿಗೆ ಕನ್ನಡ ಬರುವುದಿಲ್ಲ, ನನ್ನ ಬೆನ್ನು ಸವರುವುದಕ್ಕೆ ಕನ್ನಡ ಬೇಕಿರಲಿಲ್ಲ. ಗಗನಾಳ ಅಪ್ಪನಿಗೆ, ನಾನು ಸ್ಲೇಟು ಹಿಡಿಸಿದ ಮಗುವಿಗೆ, ಈ ಮಾತು ಬರೆದೆನಲ್ಲ. ಬಹಳ ಅತ್ತೆ.

ಅತ್ತು ಮುಗಿದ ಮೇಲೆ ಒಂದೊಂದೇ ಸಾಲು ತೆಗೆದುಕೊಂಡು ಕೂತೆ, ನಿಜ ಎಷ್ಟು ಎಂದು. ಮದುವೆಯಾಗದೆ ಹೋದದ್ದು ನಿನ್ನಿಂದ ಅಲ್ಲ ಕಣೋ. ಬಂದ ಗಂಡುಗಳು ನನಗೆ ನೆನಪಿದ್ದಾರೆ. ಒಬ್ಬ ‘ಸಂಬಳ ನಮ್ಮ ತಾಯಿಯ ಕೈಗೆ ಕೊಡಬೇಕು’ ಎಂದ. ಇನ್ನೊಬ್ಬ ಉಪ್ಪಿಟ್ಟಿನಿಂದ ಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಸಾಲು ಜೋಡಿಸಿದ. ನೀನಿಲ್ಲದಿದ್ದರೂ ಅವರನ್ನು ನಾನು ಓಡಿಸುತ್ತಿದ್ದೆ. ಅಮ್ಮನ ಮಾತಿಗೆ ಬಂದರೆ, ಅಂಥ ಯೋಚನೆ ಒಂದು ದಿನವೂ ನನ್ನ ಮನಸ್ಸಿಗೆ ಬಂದದ್ದಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಆ ಗಂಟಿನ ಮಾತು. ಶ್ರಾವಣಿಗೆ ಬೇರೆ ಬರೆಯುತ್ತೇನೆ, ಎದುರಿಗೂ ಹೇಳುತ್ತೇನೆ.

ನೀನು ಗುರುತು ಹಿಡಿಯಲಿಲ್ಲವೆಂದು ಕೊರಗಬೇಡ. ಹುಟ್ಟಿದಾಗಿನಿಂದ ಬೈಯುವವಳು ಒಂದು ದಿನ ಜಾಸ್ತಿ ಬೈದರೆ ಯಾರಿಗೆ ತಾನೆ ಅನುಮಾನ ಬರುತ್ತದೆ? ನನ್ನ ಕಾಗದಗಳನ್ನೆಲ್ಲ ನಿನ್ನ ಟ್ರಂಕಿನಿಂದ ತೆಗೆದು ನೋಡು. ಎಷ್ಟೇ ಉಗಿದಿದ್ದರೂ ಕೊನೆಗೆ ಉಂಡೆಯಾ ಎಂದು ಕೇಳಿರುತ್ತೇನೆ. ಜುಲೈ ಕಾಗದದಲ್ಲಿ ಕೇಳಿಲ್ಲ. ಇನ್ನು ಮೇಲೆ ಅದೇ ನಿನಗೆ ಗುರುತು. ಬೈದು ಊಟದ ವಿಷಯ ಕೇಳಿದರೆ ಅಕ್ಕ, ಸುಮ್ಮನೆ ಬೈಸಿಕೋ. ಕೇಳದಿದ್ದರೆ ಡಾಕ್ಟರಿಗೆ ಫೋನ್ ಮಾಡು.

ನನ್ನ ತೀರ್ಮಾನ ಕೇಳು. ವಿಶಾಖಪಟ್ಟಣದ ಬ್ರಾಂಚಿಗೆ ಟ್ರಾನ್ಸ್‌ಫರ್ ಕೇಳಿ ಅರ್ಜಿ ಹಾಕಿದ್ದೇನೆ. ಚಿಕಿತ್ಸೆ ಅಲ್ಲೇ ಮಾಡಿಸುತ್ತೇನೆ, ತಲೆ ಒಪ್ಪಿದ ದಿನ ಅಲ್ಲೇ ಕೆಲಸಕ್ಕೆ ಕೂರುತ್ತೇನೆ. ಸ್ಟ್ರಾಂಗ್ ರೂಮಿನ ಜವಾಬ್ದಾರಿ ಮಾತ್ರ ಇನ್ನು ಬೇಡ. ನಾನು ಬಿದ್ದ ದಿನದಿಂದ ಮ್ಯಾನೇಜರ ಹತ್ತಿರವಿದ್ದ ನನ್ನ ಬೀಗದ ಕೈಯನ್ನು ನಿನ್ನೆ ಅವರ ಎದುರಿಗೇ ರೀತಿ ಪ್ರಕಾರ ಇನ್ನೊಬ್ಬ ಆಫೀಸರಿಗೆ ಒಪ್ಪಿಸಿ ಸಹಿ ಹಾಕಿದೆ. ಫಣೀಂದ್ರ ಗಂಡಸಾಗಿ ಎಲ್ಲರೆದುರು ಕಣ್ಣೊರೆಸಿಕೊಂಡ. ‘ಏನ್ರೀ, ಬ್ಯಾಂಕೋ ಸಿನಿಮಾ ಟಾಕೀಸೋ’ ಎಂದು ಗದರಿದೆ. ಆಮೇಲೆ ಅವನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದೆ. ಆ ಬೆಳಗ್ಗೆ ಅವನು ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡುಬಿಟ್ಟಿದ್ದರೆ ನಾನು ಇನ್ನೂ ಎಷ್ಟು ದಿನ ಹಾಗೇ ಇರುತ್ತಿದ್ದೆನೋ.

ನೀನು ನೇವಿ ಬಿಡುವ ಮಾತು ಮತ್ತೆ ಎತ್ತಕೂಡದು. ನೀನು ಸಮುದ್ರಕ್ಕೆ ಹೋದಾಗ ಶ್ರಾವಣಿ ಇರುತ್ತಾಳೆ, ಅವಳಿಗೂ ನನ್ನ ಗುರುತು ಹೇಳಿಕೊಡು. ಗಗನಾಳಿಗೂ ಹೇಳು. ಮಕ್ಕಳಿಗೆ ಬೇಗ ತಿಳಿಯುತ್ತದೆ.

ಕೊನೆಯದಾಗಿ ಒಂದು. ಇದನ್ನು ಬೆಳಗ್ಗೆ ಸ್ನಾನ ಮಾಡಿ, ಮಾತ್ರೆ ನುಂಗಿ, ಸ್ವಚ್ಛ ತಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ತಾರೀಖು ಮೇಲಿದೆ, ಸಹಿ ಕೆಳಗಿರುತ್ತದೆ. ಈ ಕಾಯಿಲೆ ಮತ್ತೆ ಬರಬಹುದು. ಬಂದರೆ ಹಣೆಯ ಹಿಂದೆಯೇ ಬರಬಹುದು. ಆಗ ನಾನು ನಿನ್ನನ್ನು ಏನೇನು ಅನ್ನುತ್ತೇನೋ ನನಗೆ ಗೊತ್ತಿಲ್ಲ. ನೀನು ಯಾರೆಂದು ಕೇಳಬಹುದು. ಅಮ್ಮನನ್ನು ಮತ್ತೆ ಎಳೆದು ತರಬಹುದು. ನಿನ್ನ ಮನೆಯಿಂದ ನಿನ್ನನ್ನೇ ಆಚೆ ಹೋಗು ಎನ್ನಬಹುದು. ಅಂದಾಗ ನಿನಗೆ ನೋವಾಗುತ್ತದೆ, ಆಗದೆ ಇರುವುದಿಲ್ಲ. ಆದರೆ ಆವತ್ತು ಮಾತಾಡುವವಳ ಮಾತು ಕೇಳಬೇಡ. ಇವತ್ತು ಬರೆಯುತ್ತಿರುವವಳ ಮಾತು ಕೇಳು.

ಬುಧವಾರ ಬಾ, ದಾರಿಯಲ್ಲಿ ಊಟ ಬಿಡಬೇಡ, ಬಂದು ನನ್ನನ್ನು ಕರೆದುಕೊಂಡು ಹೋಗು. ಆಮೇಲೆ ನಾನು ಎಷ್ಟೇ ಕೂಗಾಡಲಿ, ಹೋಗು ಎಂದರೆ ಹೋಗಬೇಡ ಕಣೋ.

ನಿನ್ನ ಅಕ್ಕ
ರಾಜ್ಯಶ್ರೀ